ತಾರಸಿಗೊಂದು ಮಾಡು

ಆರಿದ್ರೆ ಮಳೆಯಿಂದ ಮಘೆ ಮಳೆಯವರೆಗೆ ಕೊಡೆಯಿಲ್ಲದೆ ಅಂಗಳ ದಾಟದ ಸೀಮೆಯಲ್ಲಿ, ಬಯಲು ತಾರಸಿಯ ಮೇಲೆ ಮೇಜು ಕುರ್ಚಿಗಳನ್ನು ಹಾಕಿ ಜನರನ್ನು ಊಟಕ್ಕೆ ಕರೆಯುವ ಯೋಚನೆ ಯಾರಿಗೆ ಹೊಳೆಯಿತೋ ಆತ ಮಲೆನಾಡಿನವನಾಗಿರಲಾರ ಎಂದು ನಾನು ಬಹಳ ದಿನ ನಂಬಿದ್ದೆ. ಶಿವಮೊಗ್ಗದ ವಿನೋಬನಗರದಲ್ಲಿ, ನೂರಡಿ ರಸ್ತೆಯಿಂದ ನಾಲ್ಕು ಹೆಜ್ಜೆ ಒಳಗೆ, ಅಂಥದೊಂದು ಕಟ್ಟಡ ಎದ್ದು ಈಗ ಆರೇಳು ವರ್ಷಗಳಾದವು. ಕೆಳಗೆ ರೆಸ್ಟೋರೆಂಟು, ನಡುವೆ ನಾಮಕರಣ ಹುಟ್ಟುಹಬ್ಬಗಳಿಗೆ ಬಾಡಿಗೆಗೆ ಕೊಡುವ ಹಾಲು, ಎಲ್ಲಕ್ಕಿಂತ ಮೇಲೆ ತಾರಸಿಯ ಬಾರು. ಹೆಸರು ಹೇಳುವುದಿಲ್ಲ, ಈಗಲೇ ಶನಿವಾರ ಸಂಜೆ ಏಳು ದಾಟಿದ ಮೇಲೆ ಹೋದವರಿಗೆ ಮೆಟ್ಟಿಲ ಮೇಲೆ ನಿಲ್ಲುವುದಕ್ಕೂ ಜಾಗವಿರುವುದಿಲ್ಲ.

ಮಾಲೀಕರು ಅದನ್ನು ಆರಂಭಿಸಿದ್ದು ಒಂದು ಡಿಸೆಂಬರಿನಲ್ಲಿ. ಆಗ ತಾರಸಿಯ ಮೇಲೆ ಆಕಾಶವಲ್ಲದೆ ಬೇರೇನೂ ಇರಲಿಲ್ಲ. ನೆಲಕ್ಕೆ ಪ್ಲಾಸ್ಟಿಕ್ಕಿನ ಹಸಿರು ಹುಲ್ಲು, ಕಂಬದಿಂದ ಕಂಬಕ್ಕೆ ಎಳೆದ ಸೀರಿಯಲ್ ಬಲ್ಬುಗಳು, ಮೇಜಿಗೊಂದರಂತೆ ಬಣ್ಣದ ಛತ್ರಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಕ್ಕಳ ಜೊತೆ ಅಲ್ಲಿನ ಇಂಥ ಜಾಗಗಳಿಗೆ ಹೋಗಿ ಬಂದಿದ್ದ ನಮ್ಮಂಥವರಿಗೆ, ಅದು ನಮ್ಮೂರಿಗೂ ಬಂತಲ್ಲ ಎಂಬ ಸಣ್ಣ ಹೆಮ್ಮೆ. ಚಳಿಗಾಲವೂ ಬೇಸಿಗೆಯ ಮೊದಲರ್ಧವೂ ಚೆನ್ನಾಗಿಯೇ ಕಳೆದವು. ಏಪ್ರಿಲ್ ಕೊನೆಯ ಒಂದು ಸಂಜೆ ಗುಡುಗಿನೊಂದಿಗೆ ಬಂದ ಅಡ್ಡಮಳೆಗೆ ಎರಡು ಛತ್ರಿಗಳು ಹಾರಿ ಹೋಗಿ ಪಕ್ಕದ ಮನೆಯ ತೆಂಗಿನಮರಕ್ಕೆ ಸಿಕ್ಕಿಕೊಂಡವು. ಆ ವಾರವೇ ಅಡಿಕೆ ವ್ಯವಹಾರಕ್ಕೆಂದು ಊರಿನಿಂದ ಬಂದಿದ್ದ ನನ್ನ ಭಾವ, ಎಂದರೆ ಅಕ್ಕನ ಗಂಡ, ತೀರ್ಥಹಳ್ಳಿಯಿಂದಾಚೆ ಮೂರು ಎಕರೆ ತೋಟ ಮಾಡಿಕೊಂಡಿರುವವರು, ಮೊದಲ ಸಲ ಅಲ್ಲಿ ಬಂದು ಕುಳಿತರು. ಮೆನು ಕಾರ್ಡು ತೆರೆಯುವ ಮುಂಚೆ ಒಮ್ಮೆ ತಲೆಯೆತ್ತಿ ನೋಡಿ, "ಇದಕ್ಕೊಂದು ಮಾಡು ಆಗ್ಬೇಕಲ್ಲ ಮಾರಾಯ" ಎಂದರು.

ಮಾಡು ಎಂದರೆ ನಮ್ಮಲ್ಲಿ ಇಳಿಜಾರಿನ ಚಾವಣಿ. ಮಲೆನಾಡಿನವನಿಗೆ ಮನೆಯೆಂದರೆ ಮೊದಲು ಮಾಡು, ಆಮೇಲೆ ಗೋಡೆ. ಸೋಗೆಯ ಮಾಡು, ಹುಲ್ಲಿನ ಮಾಡು, 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ನಿಧಾನವಾಗಿ ಘಟ್ಟ ಹತ್ತಿಬಂದ ಹೆಂಚಿನ ಮಾಡು, ಹೀಗೆ ಹೊದಿಕೆ ಬದಲಾದರೂ ಇಳಿಜಾರು ಬದಲಾಗಲಿಲ್ಲ. ಸಿಮೆಂಟು ಬಂದಾಗ ನಾವೂ ಎಲ್ಲರಂತೆ ಸಪಾಟು ತಾರಸಿ ಕಟ್ಟಿಸಿದೆವು. ಎರಡು ಮಳೆಗಾಲ ಅದರ ಮೇಲೆ ನಿಂತ ನೀರು ಗೋಡೆಯಲ್ಲಿ ಇಳಿದು, ಸುಣ್ಣದ ಮೇಲೆ ಭೂಪಟ ಬಿಡಿಸಿದ ಮೇಲೆ, ಯಾರಿಗೂ ಹೇಳದೆ ಅದರ ಮೇಲೆ ಕಬ್ಬಿಣದ ಕಂಬ ನೆಟ್ಟು ಶೀಟು ಹೊದೆಸಿದೆವು. ಇವತ್ತು ಶಿವಮೊಗ್ಗದಿಂದ ತೀರ್ಥಹಳ್ಳಿ, ಹೊಸನಗರ, ಸಾಗರ ಯಾವ ದಿಕ್ಕಿಗೆ ಹೋದರೂ ಕಾಣುವುದು ಹೀಗೆ ಚಾವಣಿಯ ಮೇಲೊಂದು ಚಾವಣಿ ಹೊತ್ತ ಮನೆಗಳೇ. ಹೊರಗಿನವರಿಗೆ ಅದು ಅರ್ಧ ಕಟ್ಟಿ ಬಿಟ್ಟ ಮಹಡಿಯಂತೆ ಕಾಣುತ್ತದೆ. ಬಟ್ಟೆ ಒಣಗುವುದು, ಅಡಿಕೆ ಹರಡುವುದು, ಮಕ್ಕಳು ಸೈಕಲ್ ಕಲಿಯುವುದು ಎಲ್ಲವೂ ಅಲ್ಲಿಯೇ ಎಂಬುದು ನಮಗೆ ಗೊತ್ತು.

ಬಾರಿನ ಮಾಲೀಕರಿಗೂ ಅದು ಗೊತ್ತಿತ್ತೆಂದು ಕಾಣುತ್ತದೆ. ಮೇ ತಿಂಗಳ ಮೂರನೆಯ ವಾರ ಹೋದಾಗ ಛತ್ರಿಗಳೆಲ್ಲ ಮಾಯವಾಗಿ, ಟ್ರಸ್ಸು ಎದ್ದು, ಅದರ ಮೇಲೆ ಹೊಸ ಶೀಟು ಬಂದಿತ್ತು. ಪಶ್ಚಿಮದ ಬದಿಗೆ ಇಬ್ಬರು ಹುಡುಗರು ದಪ್ಪ ಟಾರ್ಪಾಲನ್ನು ಮೇಲಿನಿಂದ ಕೆಳಗೆ ಬಿಗಿದು ಕಟ್ಟುತ್ತಿದ್ದರು. ಹಳ್ಳಿಯ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಜಗಲಿಯ ಗಾಳಿ ಬೀಸುವ ಮಗ್ಗುಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವುದನ್ನು ನೋಡಿದವರಿಗೆ ಆ ಕೆಲಸದ ಗುರುತು ತಪ್ಪುವಂತಿರಲಿಲ್ಲ. ಅಲ್ಲಿಗೆ ರೂಫ್‌ಟಾಪ್ ಎಂಬ ಹೆಸರಿನಲ್ಲಿ ರೂಫಿನ ಮೇಲೆ ಇನ್ನೊಂದು ರೂಫು ಬಂದು, ಆಕಾಶ ಕಾಣಿಸಲೆಂದು ಕಟ್ಟಿದ ಜಾಗದಲ್ಲಿ ಆಕಾಶವೊಂದನ್ನುಳಿದು ಎಲ್ಲವೂ ಕಾಣತೊಡಗಿದವು. ಗಿರಾಕಿಗಳು ಕಡಿಮೆಯಾಗಲಿಲ್ಲ, ನನ್ನ ಲೆಕ್ಕದಲ್ಲಿ ಹೆಚ್ಚಾದರು.

ಶಿವಮೊಗ್ಗವನ್ನು ಮಲೆನಾಡಿನ ಹೆಬ್ಬಾಗಿಲು ಎನ್ನುತ್ತಾರೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೇಲೆ ಮಳೆ ಕಾಣುವ ಆಗುಂಬೆಯನ್ನು ಮನೆಯ ಒಳಅಂಗಳವೆಂದು ಎಣಿಸಿದರೆ, ಹೆಬ್ಬಾಗಿಲಿನ ನಮಗೆ ಬೀಳುವುದು ಬರಿಯ ಎರಚಲು. ಆದರೂ ಇಲ್ಲಿ ಸೈಟು ಕೊಂಡು ಮನೆ ಕಟ್ಟಿದವರಲ್ಲಿ ಬಹಳಷ್ಟು ಮಂದಿ ಒಳಅಂಗಳದಿಂದಲೇ ಎದ್ದು ಬಂದವರು. ಮಕ್ಕಳ ಶಾಲೆಗೆ, ನೌಕರಿಗೆ, ವಯಸ್ಸಾದ ಮೇಲೆ ಆಸ್ಪತ್ರೆ ಹತ್ತಿರವಿರಲೆಂದು ಬಂದ ಅವರು, ಪಡುವಣದಲ್ಲಿ ಕಪ್ಪಾದೊಡನೆ "ನಮ್ಮ ಕಡೆ ಚೆನ್ನಾಗಿ ಹೊಡೀತಿದೆ" ಎಂದು ತಮ್ಮದೇ ಮನೆಗೆ ನೆಂಟರು ಬಂದಂತೆ ಹೇಳಿಕೊಳ್ಳುತ್ತಾರೆ. ಗಾಜನೂರಿನ ತುಂಗಾ ಅಣೆಕಟ್ಟಿನಲ್ಲಿ ಗೇಟು ತೆಗೆದರೆಂಬ ಸುದ್ದಿ ಅವರಿಗೆ ಪತ್ರಿಕೆಗಿಂತ ಮೊದಲೇ ಮುಟ್ಟಿರುತ್ತದೆ.

ಮೆಟ್ಟಿಲಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಆ ಕಟ್ಟಡದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದದ್ದು ಅದೇ. ಮೂರು ಅಂತಸ್ತಿಗೂ ಇರುವುದು ಒಂದೇ ಮೆಟ್ಟಿಲು. ಕೆಳಗೆ ಮೊಮ್ಮಗಳಿಗೆ ಮಸಾಲೆ ದೋಸೆ ಕೊಡಿಸಲು ಬಂದ ಅಜ್ಜಿ, ನಡುವಿನ ಹಾಲಿಗೆ ಉಡುಗೊರೆಯ ಪೊಟ್ಟಣ ಹಿಡಿದು ಹೊರಟ ದಂಪತಿ, ಮೇಲಕ್ಕೆ ಹೊರಟ ನಾವು, ಎಲ್ಲರೂ ಒಂದೇ ಕಡೆ ಪಾದರಕ್ಷೆ ಸವೆಸಬೇಕು. ಮೊದಲನೆಯ ಮಹಡಿಯವರೆಗೆ ಯಾರ ಮೇಲೂ ಅನುಮಾನವಿಲ್ಲ. ಅಲ್ಲಿಂದ ಮುಂದೆ ಹೆಜ್ಜೆಯಿಟ್ಟವನು ಎಲ್ಲಿಗೆ ಹೋಗುತ್ತಾನೆಂಬುದರಲ್ಲಿ ಎರಡು ಅಭಿಪ್ರಾಯಗಳಿರಲು ಸಾಧ್ಯವಿಲ್ಲ. ಹಾಗಾಗಿ ಆ ತಿರುವಿನಲ್ಲಿ ಮರ್ಯಾದಸ್ಥರು ಒಂದು ಗಳಿಗೆ ನಿಂತು, ಜೇಬಿನಿಂದ ಫೋನು ತೆಗೆದು, ಬಾರದ ಕರೆಯನ್ನು ಸ್ವೀಕರಿಸಿ, ಹಾಲಿನೊಳಗಿನವರು ಯಾರೂ ನೋಡುತ್ತಿಲ್ಲವೆಂದು ಖಚಿತವಾದ ಮೇಲೆ ಸರಸರನೆ ಮೇಲೇರುತ್ತಾರೆ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ಒಂದು ಸಂಜೆ ಅದೇ ತಿರುವಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಹೆಂಡತಿ ಮಕ್ಕಳೊಡನೆ ಹಾಲಿನಿಂದ ಹೊರಬರುತ್ತಿದ್ದವನು, ಎದುರಾಗಿ ಕಾಲು ಮುಟ್ಟಿ ನಮಸ್ಕರಿಸಿ, "ಸಾರ್, ನೀವು ಇಲ್ಲಿ?" ಎಂದ.

"ಊಟಕ್ಕೆ ಬಂದಿದ್ದೆ ಕಣಪ್ಪ."

"ಊಟ ಕೆಳಗಡೆ ಸಾರ್," ಎಂದು ಆತ ಸಂಪೂರ್ಣ ವಿನಯದಿಂದ ದಾರಿ ತೋರಿಸಿದ. ನಾನು ಕೆಳಗಿಳಿದು, ಒಂದು ಕಾಫಿ ಕುಡಿದು, ಅವನ ಸ್ಕೂಟರು ಹೊರಟ ಸದ್ದು ಕೇಳಿದ ಮೇಲೆ ಮತ್ತೆ ಹತ್ತಿದೆ.

ಮೊದಲಿನ ಬಾರುಗಳಿಗೆ ಈ ತೊಂದರೆ ಇರಲಿಲ್ಲ. ಅವು ರಸ್ತೆಗೇ ಬಾಗಿಲಿಟ್ಟುಕೊಂಡು, ಬಾಗಿಲಿಗೆ ಪರದೆ ಇಳಿಬಿಟ್ಟು, ಒಳಗೆ ಪ್ಲೈವುಡ್ಡಿನ ಗೂಡುಗಳಲ್ಲಿ ಮಂಕು ಬಲ್ಬು ಉರಿಸಿಕೊಂಡು ಕುಳಿತಿದ್ದವು. ಎದುರಿನವನ ಮುಖವಿರಲಿ, ತಟ್ಟೆಯಲ್ಲಿ ಏನಿದೆಯೆಂಬುದೂ ಕಾಣುತ್ತಿರಲಿಲ್ಲ. ಸಾರಾಯಿ ಅಂಗಡಿಗಳಿಗಂತೂ ಕುರ್ಚಿಯೂ ಇರಲಿಲ್ಲ, ಮೆಟ್ಟಿಲೂ ಇರಲಿಲ್ಲ. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದಾಗ ಅವು ಮುಚ್ಚಿದವು. ಅಲ್ಲಿ ನಿಂತು ಕುಡಿಯುತ್ತಿದ್ದವರು ಇಂದಿಗೂ ಈ ಮೆಟ್ಟಿಲು ಹತ್ತಿ ಬಂದುದನ್ನು ನಾನು ನೋಡಿಲ್ಲ. ತೋಟದಲ್ಲಿ ಅಡಿಕೆ ಗೊನೆ ಕೊಯ್ಯುವವನೂ ತೋಟದ ಯಜಮಾನನೂ ಒಂದೇ ಮಳೆಯಲ್ಲಿ ನೆನೆಯುತ್ತಾರೆ, ಆದರೆ ಒಂದೇ ಶೀಟಿನ ಕೆಳಗೆ ಒಣಗುವುದಿಲ್ಲ. ಅದೇನೇ ಇರಲಿ, ತಾರಸಿಯ ಮೇಲೆ ಬೆಳಕಿದೆ. ಮೂಲೆಯ ಮೇಜಿನಲ್ಲಿ ಆಫೀಸು ಮುಗಿಸಿ ಬಂದ ಮೂವರು ಹುಡುಗಿಯರು ಜೋರಾಗಿ ನಗುತ್ತ ಕುಳಿತಿದ್ದರು ಒಂದು ದಿನ. ಅವರ ಕಡೆಗೆ ಮತ್ತೆ ಮತ್ತೆ ಕತ್ತು ತಿರುಗಿಸುತ್ತಿದ್ದ ಮೇಜು ಇಡೀ ತಾರಸಿಯಲ್ಲಿ ಒಂದೇ ಇತ್ತು, ಅದು ನಮ್ಮದು. ಗೊತ್ತಾದ ಮೇಲೆ ನಾನು ಕುರ್ಚಿಯನ್ನು ರಸ್ತೆಯ ಕಡೆಗೆ ತಿರುಗಿಸಿಕೊಂಡೆ.

ನಾನು ಕುಡಿಯುವುದಿಲ್ಲ. ಇದನ್ನು ಇಷ್ಟು ತಡವಾಗಿ ಹೇಳಿದ್ದಕ್ಕೆ ಕಾರಣ, ಬಾರಿನ ವಿಷಯ ಬರೆಯುವವನು ಆರಂಭದಲ್ಲಿಯೇ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲವೆಂಬುದು. ಬಾರಿನಲ್ಲಿ ನನ್ನಂಥವನಿಗೆ ಒಂದು ಹುದ್ದೆಯಿದೆ: ನಾನು ಕಂಪನಿ ಕೊಡುವವನು. ಒಂದು ಲಿಂಬು ಸೋಡಾ ಮುಂದಿಟ್ಟುಕೊಂಡು ಎರಡು ಗಂಟೆ ಕೂರುವುದು, ಮೂರನೆಯ ಸುತ್ತಿನ ಹೊತ್ತಿಗೆ ಎಲ್ಲರೂ ಹೇಳಿದ್ದನ್ನೇ ಹೇಳತೊಡಗಿದಾಗ ಹೊಸದಾಗಿ ಕೇಳಿದಂತೆ ಕೇಳುವುದು, ಕೊನೆಗೆ ಗಾಡಿ ಓಡಿಸುವುದು ಈ ಹುದ್ದೆಯ ಕರ್ತವ್ಯಗಳು. ಇದಕ್ಕೆ ಪ್ರತಿಯಾಗಿ ಸಿಗುವ ಸವಲತ್ತು ಸೈಡ್ಸು. ಕಡ್ಲೆಬೀಜದ ಮಸಾಲೆ, ಹುರಿದ ಹಪ್ಪಳದ ಮೇಲೆ ಈರುಳ್ಳಿ ಟೊಮೆಟೊ ಹರಡಿದ ಮಸಾಲೆ ಪಾಪಡ್ ಬಂದರೆ ಕುಡಿಯುವವನು ಒಂದೊಂದೇ ಕಾಳನ್ನು ಜಪಮಣಿ ಎಣಿಸಿದಂತೆ ಬಾಯಿಗೆ ಹಾಕಿಕೊಳ್ಳುತ್ತಾನೆ. ಕೈ ಖಾಲಿ ಇರುವ ನಾನು ತಟ್ಟೆಯನ್ನೇ ಖಾಲಿ ಮಾಡಿರುತ್ತೇನೆ. "ಮೇಷ್ಟ್ರ ಕಂಪನಿ ದುಬಾರಿ" ಎಂದು ಬ್ಯಾಂಕಿನಿಂದ ನಿವೃತ್ತರಾದ ನಮ್ಮ ನೆರೆಯವರು ಲೆಕ್ಕ ಹಾಕಿ ತೋರಿಸಿದ್ದುಂಟು.

ಪಾನದ ವಿಷಯದಲ್ಲಿ ಈ ಊರು ನನ್ನಷ್ಟು ಸಂಕೋಚಪಡಬೇಕಾದ್ದಿಲ್ಲ. ಸ್ನಾನಕ್ಕೆ ಗಂಗೆ, ಪಾನಕ್ಕೆ ತುಂಗೆ ಎಂದು ಹಿಂದಿನವರೇ ಒಪ್ಪಂದ ಮಾಡಿಟ್ಟಿದ್ದಾರೆ. ಊರಿನ ಹೆಸರಿನ ಬಗ್ಗೆ ಇರುವ ಕತೆಯೂ ಅಂಥದೇ: ತುಂಗೆಯ ದಡದಲ್ಲಿ ದೂರ್ವಾಸ ಮುನಿ ಮಣ್ಣಿನ ಮೊಗೆಯಲ್ಲಿ ಸೊಪ್ಪು ಬೇರುಗಳನ್ನು ಕುದಿಸುತ್ತಿದ್ದನಂತೆ, ದನ ಕಾಯುವ ಹುಡುಗರು ಅದನ್ನು ಕದ್ದು ರುಚಿ ನೋಡಿ ಸಿಹಿಯಾಗಿದೆ ಎಂದರಂತೆ, ಸಿಹಿಮೊಗೆಯೇ ಶಿವಮೊಗ್ಗವಾಯಿತಂತೆ. ಕೋಪಕ್ಕೆ ಹೆಸರಾದ ಮುನಿಯ ಮೊಗೆಗೆ ಬಾಯಿಟ್ಟ ಹುಡುಗರಿಗೆ ಶಾಪ ತಟ್ಟಿದ ಸುದ್ದಿ ಕತೆಯಲ್ಲಿಲ್ಲ. ಭಾವ ಈ ಕತೆಯನ್ನು ಎರಡನೆಯ ಸುತ್ತಿಗೆ ಆರ್ಡರು ಕೊಡುವಾಗ ತಪ್ಪದೆ ನೆನಪಿಸುತ್ತಾರೆ. ತುಂಗೆಯ ಪಾನವನ್ನು ಕೇಳಿದರೆ ಮಾತ್ರ ಸಪ್ಲೈಯರ್ ಹುಡುಗ ಸೀಲು ಮಾಡಿದ ನೀರಿನ ಬಾಟಲಿ ತಂದಿಟ್ಟು ಹೋಗುತ್ತಾನೆ.

ಭಾವ ಗ್ಲಾಸು ತುಂಬಿಸುವುದನ್ನು ನೋಡಬೇಕು. ಅರವತ್ತು ಮಿಲಿಲೀಟರು, ಅದಕ್ಕಿಂತ ಹನಿ ಹೆಚ್ಚಿಲ್ಲ. ಅದರ ಮೇಲೆ ನೀರನ್ನು ಗ್ಲಾಸಿನ ಗೋಡೆಗೆ ತಾಗುವಂತೆ ಇಳಿಬಿಟ್ಟು, ಬಲ್ಬಿನ ಬೆಳಕಿಗೆ ಎತ್ತಿ ಹಿಡಿದು ಬಣ್ಣ ನೋಡುತ್ತಾರೆ. ಈ ಕೈಚಳಕ ಎಲ್ಲಿಂದ ಬಂತೆಂದು ನನಗೆ ಅರ್ಥವಾದದ್ದು ಒಂದು ಜೂನಿನಲ್ಲಿ ಅವರ ತೋಟಕ್ಕೆ ಹೋದಾಗ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುತ್ತಿದ್ದರು. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಸುಣ್ಣದ ತಿಳಿಗೆ ತುತ್ತದ ನೀರನ್ನು ನಿಧಾನ ಹುಯ್ಯಬೇಕು, ಅವಸರ ಮಾಡಿದರೆ ಕೆಟ್ಟಿತು. ಕೊನೆಗೆ ಹೊಳೆಯುವ ಚಾಕುವೊಂದನ್ನು ಅದರಲ್ಲಿ ಅದ್ದಿ ಹಿಡಿದರು. ಅಲಗಿಗೆ ಕೆಂಪು ಅಡರಿದರೆ ಸುಣ್ಣ ಸಾಲದು ಎಂದು ಅರ್ಥ. ಮರ ಹತ್ತಿ ಅಡಿಕೆ ಗೊನೆಗಳಿಗೆ ಹೊಡೆಸುವ ಆ ನೀಲಿ ದ್ರಾವಣವನ್ನು ಎಷ್ಟು ಗೌರವದಿಂದ ಬೆರೆಸಿದ್ದರೋ ಅಷ್ಟೇ ಗೌರವದಿಂದ ಇಲ್ಲಿ ಇದನ್ನೂ ಬೆರೆಸುತ್ತಾರೆ. ಎರಡೂ ಮಳೆಗಾಲದ ಔಷಧಿ ಎಂದು ಅವರ ಸಮಜಾಯಿಷಿ.

ಮಾತು ಅಡಿಕೆಯಿಂದ ಹೊರಡುತ್ತದೆ, ಎಲ್ಲೆಲ್ಲೋ ತಿರುಗಿ ಅಡಿಕೆಗೇ ಬಂದು ನಿಲ್ಲುತ್ತದೆ. ಅಡಿಕೆಯ ಬಗೆಗಳಲ್ಲಿ ಸರಕು ಎಷ್ಟಾಯಿತು, ಬೆಟ್ಟೆ ಎಷ್ಟು, ರಾಶಿ ಏರಿತೋ ಇಳಿಯಿತೋ, ಗೊರಬಲನ್ನು ಕೇಳುವವರಿದ್ದಾರೆಯೇ, ಮಂಡಿಗೆ ಹಾಕುವುದೋ ಅಡಿಕೆ ಮಾರಾಟದ ಸಹಕಾರ ಸಂಘವಾದ ಮ್ಯಾಮ್ಕೋಸಿಗೆ ಹಾಕುವುದೋ, ಈಗ ಕೊಡುವುದೋ ದೀಪಾವಳಿಯವರೆಗೆ ಕಾಯುವುದೋ. ಪಕ್ಕದ ಮೇಜಿನವರು ಅಪರಿಚಿತರಾದರೂ ದರದಲ್ಲಿ ತಪ್ಪಿದರೆ ತಿದ್ದುತ್ತಾರೆ. ಮಾತು ಎಲೆಚುಕ್ಕಿ ರೋಗಕ್ಕೆ ಬಂದರೆ ಮಾತ್ರ ಧ್ವನಿಗಳು ಸಣ್ಣಗಾಗುತ್ತವೆ. ಆ ರೋಗ ಹಿಡಿದ ತೋಟ ಇರುವವನು ಗ್ಲಾಸನ್ನು ಒಂದು ಸುತ್ತು ತಿರುಗಿಸಿ, ಶೀಟಿನ ಕಡೆ ನೋಡಿ, ಬೇರೆ ಮಾತು ತೆಗೆಯುತ್ತಾನೆ.

ತಿನ್ನುವ ವಿಷಯದಲ್ಲಿ ನನ್ನ ಅಭಿಪ್ರಾಯ ಸಮ್ಮಿಶ್ರವಾದುದು. ಅಕ್ಕಿ ರೊಟ್ಟಿಯೂ ನಾಟಿ ಕೋಳಿ ಸಾರೂ ಚೆನ್ನಾಗಿರುತ್ತವೆ. ಕಡುಬು ಮಾತ್ರ ಮನೆಯ ಕಡುಬಲ್ಲ, ಬೆಳಿಗ್ಗೆ ಬೇಯಿಸಿ ಸಂಜೆ ಬಿಸಿ ಮಾಡಿದ್ದೆಂದು ಬೆರಳಿಗೇ ಗೊತ್ತಾಗುತ್ತದೆ. ಕೆಂಪಗೆ ಉರಿಯುತ್ತಿದ್ದ ಕಬಾಬು 2024ರ ಜೂನಿನಲ್ಲಿ ಸರ್ಕಾರ ಕೃತಕ ಬಣ್ಣ ಹಾಕಬಾರದೆಂದ ಮೇಲೆ ಕಂದುಬಣ್ಣಕ್ಕೆ ತಿರುಗಿತು. ಅದಕ್ಕೂ ಮೂರು ತಿಂಗಳ ಹಿಂದೆ ಗೋಬಿ ಮಂಚೂರಿಗೂ ಅದೇ ಗತಿಯಾಗಿತ್ತು. ರುಚಿ ಕಡಿಮೆಯಾಗಿದೆ ಎಂದು ನೆರೆಯವರು ವಾದಿಸುತ್ತಾರೆ. ಕಣ್ಣು ಮುಚ್ಚಿ ತಿನ್ನಿರೆಂದು ನಾನು. ಜೂನ್, ಜುಲೈ ಎರಡು ತಿಂಗಳು ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಹಾಗಾಗಿ ಬಿಸಿ ಬಂಗುಡೆಯ ಬಯಕೆ ಅತಿಯಾಗುವ ಪುಷ್ಯ ಮಳೆಯ ಹೊತ್ತಿಗೇ ಸರಿಯಾಗಿ "ಬಂಗುಡೆ ಇಲ್ಲ ಸಾರ್" ಎಂಬ ಉತ್ತರ ಸಿಗುತ್ತದೆ. ಆಗ ಎಲ್ಲರೂ ಪೆಪ್ಪರ್ ಚಿಕನ್ ಹೇಳುತ್ತಾರೆ. ಭಾವನ ತೋಟದ ಅಡಿಕೆ ಮರಗಳಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿದೆ. ಬೆಲೆಯಿಲ್ಲವೆಂದು ಎರಡು ವರ್ಷದ ಮೆಣಸನ್ನು ಚೀಲ ಕಟ್ಟಿ ಅಟ್ಟದಲ್ಲಿಟ್ಟವರು ಇಲ್ಲಿ ತಟ್ಟೆಯ ತಳದಲ್ಲಿ ಉಳಿದ ಕಾಳುಗಳನ್ನು ಬೆರಳಿನಿಂದ ಸರಿಸಿ ಎಣಿಸಿ, "ಇಷ್ಟಕ್ಕೆ ಇಷ್ಟು ದುಡ್ಡು ತಗೊಂತಾನಲ್ಲ ಮಾರಾಯ" ಎಂದು ನಿಟ್ಟುಸಿರುಬಿಡುತ್ತಾರೆ.

ದುಡ್ಡು ಕೊಡುವ ಹೊತ್ತಿಗೆ ಎರಡು ಬಿಲ್ಲುಗಳು ಬರುತ್ತವೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಕುಡಿಯುವ ಮದ್ಯವನ್ನು ಅದರಿಂದ ಹೊರಗಿಟ್ಟರು. ಜಿಎಸ್‌ಟಿಯ ವ್ಯಾಖ್ಯೆಯನ್ನೇ ಸಂವಿಧಾನಕ್ಕೆ ಸೇರಿಸುವಾಗ ಹಾಗೆ ಬರೆದಿದ್ದಾರೆ. ಊಟ, ಸೈಡ್ಸು, ಲಿಂಬು ಸೋಡಾ ಎಲ್ಲ ಒಂದು ಚೀಟಿಯಲ್ಲಿ, ಉಳಿದದ್ದು ಇನ್ನೊಂದರಲ್ಲಿ. ನಮ್ಮ ಮೇಜಿನಲ್ಲಿ ವಿವಾದವೇ ಹುಟ್ಟದಂತೆ ಮಾಡಿದ ವ್ಯವಸ್ಥೆಯಿದು: ಮೊದಲನೆಯ ಚೀಟಿ ನನ್ನ ಕಡೆಗೆ ತಾನಾಗಿಯೇ ಸರಿಯುತ್ತದೆ. ಎಲ್ಲ ಸೈಡ್ಸನ್ನೂ ತಿಂದವನು ನಾನೇ ಎಂಬುದಕ್ಕೆ ಸಾಕ್ಷಿಗಳೂ ಇರುತ್ತಾರೆ.

ಕಳೆದ ಜುಲೈಯಲ್ಲಿ, ದೊಡ್ಡ ಪುಷ್ಯದ ನಾಲ್ಕನೆಯ ದಿನವೋ ಐದನೆಯ ದಿನವೋ ಇರಬೇಕು, ಮಂಗಳವಾರವಾದ್ದರಿಂದ ಮೇಲೆ ಅಷ್ಟೇನೂ ಜನರಿರಲಿಲ್ಲ. ಎಂಟೂವರೆಯವರೆಗೆ ಜಿರ್ರೆಂದು ಹನಿಯುತ್ತಿದ್ದ ಮಳೆ ಇದ್ದಕ್ಕಿದ್ದಂತೆ ಮನಸ್ಸು ಬದಲಾಯಿಸಿತು. ಮೊದಲು ಟಾರ್ಪಾಲು ಒಮ್ಮೆ ಉಬ್ಬಿ ಪಟಪಟನೆ ಬಡಿಯಿತು, ಆಮೇಲೆ ಶೀಟಿನ ಮೇಲೆ ಯಾರೋ ಚೀಲಗಟ್ಟಲೆ ಅಡಿಕೆ ಸುರುವಿದ ಹಾಗೆ ಸದ್ದು. ಹೆಂಚಿನ ಮಾಡು ಮಳೆಯನ್ನು ಸೈರಿಸಿಕೊಳ್ಳುತ್ತದೆ, ಶೀಟು ಹಾಗಲ್ಲ, ಹನಿಹನಿಗೂ ಉತ್ತರ ಕೊಡುತ್ತದೆ. ನಮ್ಮ ನೆರೆಯವರು ರಾಶಿಯ ದರದ ಬಗ್ಗೆ ಏನೋ ಹೇಳುತ್ತಿದ್ದವರು ಬಾಯಿ ಆಡಿಸುತ್ತಲೇ ಇದ್ದು, ತಮಗೇ ಕೇಳಿಸುತ್ತಿಲ್ಲವೆಂದು ತಿಳಿದ ಮೇಲೆ ನಿಲ್ಲಿಸಿದರು. ಸ್ಪೀಕರಿನ ಹಾಡು ಕೇಳದಾಯಿತು. ಮರುಗಳಿಗೆಯೇ ಕರೆಂಟು ಹೋಯಿತು.

ಹುಡುಗರು ಕೆಳಗಿನ ಅಡುಗೆಮನೆಯಿಂದ ಮೇಣದಬತ್ತಿ ತರಲು ಐದು ನಿಮಿಷ ಹಿಡಿಯಿತೋ ಹತ್ತು ನಿಮಿಷ ಹಿಡಿಯಿತೋ, ಅಷ್ಟು ಹೊತ್ತು ಆ ತಾರಸಿಯ ಮೇಲೆ ಇಪ್ಪತ್ತು ಜನ ಸುಮ್ಮನೆ ಕುಳಿತಿದ್ದೆವು. ಯಾರೂ ಫೋನಿನ ಟಾರ್ಚು ಹಚ್ಚಲಿಲ್ಲ. ಕಾಲಿಗೆ ಎರಚಲು ತಾಗುತ್ತಿತ್ತು. ಜನರು ಕುರ್ಚಿಗಳನ್ನು ಹಿಂದಕ್ಕೆ ಎಳೆದುಕೊಳ್ಳದೆ ಕಾಲುಗಳನ್ನಷ್ಟೇ ಮೇಲೆತ್ತಿಕೊಂಡರು. ಬೆಳಕು ಬಂದಾಗ ನೋಡಿದರೆ, ಭಾವ ಚಪ್ಪಲಿ ಕಳಚಿಟ್ಟು ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ, ಶಾಲಿಲ್ಲದ್ದರಿಂದ ಕೈವಸ್ತ್ರವನ್ನೇ ತಲೆಗೆ ಸುತ್ತಿಕೊಂಡು, ಜಗಲಿಯಲ್ಲಿ ಕುಳಿತಂತೆ ಕುಳಿತಿದ್ದರು. ಗ್ಲಾಸು ಮುಂದಿತ್ತು, ಮುಟ್ಟಿರಲಿಲ್ಲ.

ಮೂಲೆಯಲ್ಲಿ ಮೊಳೆ ಹೊಡೆದ ಜಾಗದಿಂದ ಶೀಟು ಸೋರತೊಡಗಿತ್ತು. ಹುಡುಗನೊಬ್ಬ ಓಡಿಬಂದು ಐಸು ತುಂಬುವ ಸ್ಟೀಲಿನ ಬಕೆಟ್ಟನ್ನು ಅಂದಾಜಿನ ಮೇಲೆ ನೆಲದಲ್ಲಿಟ್ಟು, ಬಿಲ್ಲಿನ ಪುಸ್ತಕ ನೆನೆಯದಂತೆ ಎತ್ತಿಕೊಂಡು ಹೋದ. ಹನಿ ಬಕೆಟ್ಟಿನ ಅಂಚಿಗೆ ಬಡಿದು ಹೊರಗೆ ಸಿಡಿಯುತ್ತಿತ್ತು. ಭಾವ ಒಂದೆರಡು ನಿಮಿಷ ಅದನ್ನೇ ನೋಡಿದರು. ಆಮೇಲೆ ಬರಿಗಾಲಿನಲ್ಲಿಯೇ ಎದ್ದು ಹೋಗಿ, ಮೇಲೊಮ್ಮೆ ಕೆಳಗೊಮ್ಮೆ ನೋಡಿ, ಬಕೆಟ್ಟನ್ನು ಪಾದದಿಂದ ಅರ್ಧ ಗೇಣು ಗೋಡೆಯ ಕಡೆಗೆ ಸರಿಸಿದರು. ಅಂಗೈಯೊಡ್ಡಿ ಹನಿ ನೆಟ್ಟಗೆ ನಡುವಿಗೆ ಬೀಳುತ್ತಿದೆಯೆಂದು ಖಾತ್ರಿ ಮಾಡಿಕೊಂಡು, ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ಬಂದು ಮತ್ತೆ ಕುಳಿತರು.